ಕಪ್ಪು ಮುಖವಾಡದ ವಿಡಿಯೊ: ಇದು ಸೈತಾನನ ಪೂಜೆಯೇ?

ಮೈತುಂಬಾ ನಾರು, ಮುಖಕ್ಕೆ ಮರದ ಕಪ್ಪು ಮುಖವಾಡ, ಕೈಯಲ್ಲಿ ಮಚ್ಚು. ಇಂಥ ವಿಡಿಯೊ "ಆಫ್ರಿಕಾದಲ್ಲಿ ಸೈತಾನನ ಪೂಜೆ" ಎಂದು ನಿಮ್ಮ ಗ್ರೂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಸ್ವಲ್ಪ ತಡೆಯಿರಿ. ಅದು ನೈಜೀರಿಯಾದ ಅಕ್ವಾ ಇಬೊಮ್ ರಾಜ್ಯದ ಅನಾಂಗ್ ಜನರ, ಇಲ್ಲವೇ ಅವರ ನೆರೆಯ ಇಬಿಬಿಯೊ ಜನರ 'ಎಕ್ಪೊ' ಇರಬಹುದು.

ಎಕ್ಪೊ ಎಂದರೆ ಸತ್ತ ಹಿರಿಯರ ಆತ್ಮ. ಒಳ್ಳೆಯವರಾಗಿ ಬಾಳಿದವರಿಗೆ ಚೆಂದದ ಮುಖವಾಡ, ಕೆಟ್ಟವರಾಗಿ ಬಾಳಿದವರಿಗೆ ವಿಕಾರವಾದ ಕಪ್ಪು ಮುಖವಾಡ. ಬ್ರಿಟಿಷರು ಬರುವ ಮುಂಚೆ ಊರಿನ ಕಟ್ಟುಪಾಡು ಕಾಯುತ್ತಿದ್ದುದರಲ್ಲಿ ಎಕ್ಪೊ ಸಂಘಕ್ಕೂ ದೊಡ್ಡ ಪಾಲಿತ್ತು. ಆ ನಾರು ರಾಫಿಯಾ ತಾಳೆಯದು. ಅದರ ಚೀಲ, ಚಾಪೆಗಳಿಗೆ ಇಕೊಟ್ ಎಕ್ಪೆನೆ ಪೇಟೆ ಎಷ್ಟು ಹೆಸರುವಾಸಿ ಎಂದರೆ ಅದನ್ನು 'ರಾಫಿಯಾ ಸಿಟಿ' ಎಂದೇ ಕರೆಯುತ್ತಾರೆ.

ಇನ್ನೊಂದು ವಿಷಯ: ಅನಾಂಗ್ ಜನರಲ್ಲಿ ಈಗ ಹೆಚ್ಚಿನವರು ಕ್ರೈಸ್ತರು. ಈ ಭಾಗದ ಕರಾವಳಿಗೆ 1887ರಲ್ಲೇ ಐರ್ಲೆಂಡಿನ ಸ್ಯಾಮ್ಯುಯೆಲ್ ಬಿಲ್ ಬಂದು ಕ್ವಾ ಇಬೊ ಮಿಷನ್ ಶುರು ಮಾಡಿದ್ದರು.

ನಿಜಕ್ಕೂ ಹೆದರಬೇಕಾದ್ದು ಮುಖವಾಡಕ್ಕಲ್ಲ. ಈ ರಾಜ್ಯದಲ್ಲಿ ಮನೆಯಲ್ಲಿ ಕಾಯಿಲೆ, ಸಾವು ಆದಾಗ ಮಗುವಿನ ಮೇಲೆ 'ಮಾಟಗಾತಿ' ಎಂಬ ಆರೋಪ ಹೊರಿಸಿ ಹೊಡೆದ, ಮನೆಯಿಂದ ಓಡಿಸಿದ ಪ್ರಕರಣಗಳಿವೆ. ಕೆಲವು ಪಾದ್ರಿಗಳು 'ಬಿಡಿಸುತ್ತೇವೆ' ಎಂದು ಹಣ ಕೀಳುತ್ತಾರೆ (ಎಲ್ಲ ಚರ್ಚುಗಳೂ ಹೀಗಲ್ಲ). ಜ್ವರ ತಂದದ್ದು ಮಲೇರಿಯಾದ ಸೊಳ್ಳೆ, ಏಟು ತಿಂದದ್ದು ಮಗು. ಅಂಥ ಮಗುವಿನ ಮುಖ ಕಾಣುವ ವಿಡಿಯೊವನ್ನು ಕನಿಕರದಿಂದಲೂ ಹಂಚಬೇಡಿ, ಗುರುತು ಸಿಕ್ಕರೆ ಅದು ಊರಿಗೆ ಮರಳುವುದು ಇನ್ನೂ ಕಷ್ಟ. ಮಗುವನ್ನು ಮಾಟಗಾತಿ ಎನ್ನುವುದು 2008ರ ಕಾನೂನಿನಿಂದ ಅಲ್ಲಿ ಅಪರಾಧ.