ಚೆಂಡೆಲ್ಲ ಬಿಳಿ, ಒಳಗು ಬೇರೆ

ಹೊನ್ನವಳ್ಳಿ ಹೋಬಳಿಯ ತೋಟದ ಮನೆಗಳಲ್ಲಿ ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ಬರಿಗಣ್ಣಲ್ಲಿ ನೋಡಿ ಹೇಳುವವರಿಲ್ಲ. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕಳೆದ ಕಾಯಿಯನ್ನು ಕಿವಿಯ ಬಳಿ ಹಿಡಿದು ಕುಲುಕುತ್ತಾರೆ. ನೀರು ಇಂಗಿ, ಉಂಡೆ ಚಿಪ್ಪಿನಿಂದ ಬಿಟ್ಟುಕೊಂಡು ಗಟಗಟ ಸದ್ದು ಮಾಡಿತೆಂದರೆ ಕೊಬ್ಬರಿ ಸಿದ್ಧ. ಹೊರಗಿನಿಂದ ಎಲ್ಲ ಕಾಯಿಯೂ ಒಂದೇ. ವ್ಯತ್ಯಾಸವೆಲ್ಲ ಒಳಗೆ.

ಗಾಲ್ಫ್ ಚೆಂಡಿನ ಸಂಗತಿಯೂ ಹೀಗೆಯೇ. ಆದರೆ ಅದನ್ನು ಎಷ್ಟು ಕುಲುಕಿದರೂ ಸದ್ದಿಲ್ಲ!

ತೆಂಗಿನ ಸೀಮೆಯ ಹುಡುಗರ ಆಟ ಟೆನಿಸ್ ಚೆಂಡಿನ ಕ್ರಿಕೆಟ್. ಗಾಲ್ಫ್ ಎಂದರೆ ಟಿ.ವಿ.ಯಲ್ಲಿ ಕಾಣುವ ಹಸಿರು. ಆದರೆ ಓದಿಗೋ ಕೆಲಸಕ್ಕೋ ಬೆಂಗಳೂರು ಸೇರಿದ ಮನೆಗಳ ಮಕ್ಕಳಿಗೆ ಅದು ಅಷ್ಟು ದೂರದ್ದಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದೇ 1876ರಲ್ಲಿ. ಮಗಳು ಕಲಿಯುತ್ತೇನೆ ಎಂದಳು, ಅಪ್ಪ ಅಂಗಡಿಗೆ ಹೋದರು ಎನ್ನಿ. ಅಲ್ಲಿ ಹತ್ತಾರು ಬಗೆಯ ಡಬ್ಬಿಗಳು. ಬೆಲೆಯಲ್ಲಿ ಎರಡು ಮೂರು ಪಟ್ಟು ಅಂತರ. ಸ್ವಿಂಗ್‌ಗೆ ತಕ್ಕ ಚೆಂಡು ಕೊಳ್ಳಿ ಎಂಬ ಉಪದೇಶ ಬೇರೆ. ಏನಿದರ ಅರ್ಥ?

ನಿಯಮ ಹೇಳುವುದು ಇಷ್ಟು: ಚೆಂಡಿನ ತೂಕ 45.93 ಗ್ರಾಂ ಮೀರಬಾರದು, ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ಒಳಗೆ ಎಷ್ಟು ಪದರ, ಎಂಥ ಹೊದಿಕೆ ಎಂಬುದು ತಯಾರಿಸುವವರಿಗೆ ಬಿಟ್ಟದ್ದು.

ಮೈಮೇಲಿನ ಗುಳಿಗಳು ಅಂದಕ್ಕಲ್ಲ. 1848ರ ಸುಮಾರಿಗೆ ಗಟ್ಟಾಪರ್ಚಾ ಎಂಬ ಮರದ ಹಾಲಿನಿಂದ ಚೆಂಡು ಮಾಡತೊಡಗಿದರು. ಹೊಸದಾಗಿ ನುಣ್ಣಗಿದ್ದಾಗ ಅದು ಸರಿಯಾಗಿ ಹಾರುತ್ತಿರಲಿಲ್ಲ; ಏಟು ತಿಂದು ಗಾಯಗೊಂಡ ಹಳೆಯ ಚೆಂಡೇ ಚೆನ್ನಾಗಿ ಹೋಗುತ್ತಿತ್ತು. ಆಮೇಲೆ ಬೇಕೆಂದೇ ಗಾಯ ಮಾಡಿದರು. ಅದರ ವಂಶವೇ ಇಂದಿನ ಮುನ್ನೂರರಿಂದ ಐನೂರು ಗುಳಿಗಳು. ಇವು ಚೆಂಡಿಗೆ ಅಂಟಿದ ಗಾಳಿಯ ತೆಳು ಪದರವನ್ನು ಕಲಕುತ್ತವೆ. ಕಲಕಿದ ಗಾಳಿ ಚೆಂಡಿನ ಬೆನ್ನಿನವರೆಗೂ ಅಂಟಿಕೊಂಡು ಸಾಗುವುದರಿಂದ ಹಿಂದಿನ ಎಳೆತ ತಗ್ಗುತ್ತದೆ. ಗುಳಿಯಿಲ್ಲದ ಚೆಂಡು ಸುಮಾರು ಅರ್ಧ ದೂರ ಮಾತ್ರ ಹೋದೀತು.

ಒಳಗಿನ ವಿಷಯಕ್ಕೆ ಬನ್ನಿ. ಅಗ್ಗದ್ದು ಸಾಮಾನ್ಯವಾಗಿ ಎರಡು ತುಂಡಿನ ಚೆಂಡು: ದೊಡ್ಡ ರಬ್ಬರ್ ತಿರುಳು, ಮೇಲೊಂದು ಗಟ್ಟಿ ಹೊದಿಕೆ. ದುಬಾರಿಯದಕ್ಕೆ ಮೂರು, ನಾಲ್ಕು ಪದರ. ಹೊದಿಕೆ ಯುರೇಥೇನ್ ಎಂಬ ಮೆತ್ತನೆಯ ವಸ್ತು. ದೂರ ಹೊಡೆಯುವ ಡ್ರೈವರ್ ಕ್ಲಬ್ ಬಡಿದಾಗ ಚೆಂಡು ಒಂದು ಸೆಕೆಂಡಿನ ಎರಡು ಸಾವಿರದ ಒಂದು ಭಾಗದಷ್ಟು ಹೊತ್ತು ಚಪ್ಪಟೆಯಾಗಿ ಪುಟಿಯುತ್ತದೆ. ಆಗ ಮುಖ್ಯವಾಗಿ ದುಡಿಯುವುದು ತಿರುಳು. ಕುಳಿಯ ಹತ್ತಿರ ಓರೆಯಾಗಿ ತಗಲಿಸಿ ಎತ್ತುವ ಸಣ್ಣ ಹೊಡೆತದಲ್ಲಿ ದುಡಿಯುವುದು ಹೊದಿಕೆ. ಮೆತ್ತನೆಯದು ಕ್ಲಬ್‌ನ ಗೀರುಗಳಿಗೆ ಕಚ್ಚಿಕೊಂಡು ಹಿಂದಕ್ಕೆ ತಿರುಗುತ್ತದೆ, ಬಿದ್ದಲ್ಲೇ ನಿಲ್ಲುತ್ತದೆ. ಗಟ್ಟಿ ಹೊದಿಕೆಯದು ಜಾರಿ ಮುಂದಕ್ಕೆ ಉರುಳುತ್ತದೆ.

ಇನ್ನು ಸ್ವಿಂಗ್. ವೃತ್ತಿಪರ ಪುರುಷರ ಕ್ಲಬ್‌ನ ತಲೆ ಗಂಟೆಗೆ 180 ಕಿಲೋಮೀಟರ್ ಮೀರಿದ ವೇಗದಲ್ಲಿ ಬರುತ್ತದೆ, ಮಹಿಳೆಯರದು 150ರ ಆಸುಪಾಸು. ಶಾಲೆಯ ಮಗುವಿನದು ಅದಕ್ಕೂ ಎಷ್ಟೋ ಕಡಿಮೆ. ನಿಧಾನ ಸ್ವಿಂಗ್‌ನವರು ಮೆತ್ತನೆ ಚೆಂಡು ಕೊಂಡರೆ ದೂರ ಹೆಚ್ಚುತ್ತದೆ ಎಂಬುದು ಅಂಗಡಿಯ ಹಳೆಯ ಮಾತು. ಅದನ್ನು ನಂಬಿ ದುಡ್ಡು ಕಳೆಯಬೇಕಿಲ್ಲ. ಮೆತ್ತಗಿರುವುದು ಕೈಗೆ ಹಿತ, ನಿಜ. ಆದರೆ ಅದು ವೇಗ ಕೂಡಿಸುವುದಿಲ್ಲ. ಹೊಡೆತ ಪಕ್ಕಕ್ಕೆ ಬಾಗುವವರಿಗೆ ಮಾತ್ರ ಕಡಿಮೆ ತಿರುಗುವ ಎರಡು ತುಂಡಿನ ಚೆಂಡು ಸ್ವಲ್ಪ ಉಪಕಾರಿ. ಬಾಗು ಕೊಂಚ ತಗ್ಗುತ್ತದೆ. ಪೂರಾ ಹೋಗಬೇಕಾದರೆ ಗುರುಗಳೇ ಬೇಕು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಲೆಕ್ಕ ಹಾಕಿ. ಹದಿನೆಂಟು ಕುಳಿಗಳಿಗೆ 72 ಹೊಡೆತ ಎಂದಿಟ್ಟ ಮೈದಾನದಲ್ಲಿ ಡ್ರೈವರ್ ಎತ್ತುವುದು ಹೆಚ್ಚೆಂದರೆ ಹದಿನಾಲ್ಕು ಸಲ. ಕುಳಿಯ ಬಳಿಯ ನುಣುಪು ಹುಲ್ಲಿನಲ್ಲಿ ಚೆಂಡನ್ನು ಉರುಳಿಸಲೆಂದೇ 36 ಹೊಡೆತ ಇಟ್ಟಿದ್ದಾರೆ. ಚೆಂಡನ್ನು ಆರಿಸಬೇಕಾದದ್ದು ಕುಳಿಯ ಕಡೆಯಿಂದ ಹಿಂದಕ್ಕೆ.

ಇದಕ್ಕೆ ಅದಿತಿ ಅಶೋಕ್ ಅವರಿಗಿಂತ ಒಳ್ಳೆಯ ಸಾಕ್ಷಿ ಬೇಡ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹುಡುಗಿ. ಅಪ್ಪ ಅಮ್ಮನ ಜೊತೆ ತಿಂಡಿಗೆ ಹೋಗುತ್ತಿದ್ದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನ ಕಾಣುತ್ತಿತ್ತು. ಐದೂವರೆ ವಯಸ್ಸಿನಲ್ಲಿ ಒಳಗೆ ಕಾಲಿಟ್ಟದ್ದು ಹಾಗೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅಪ್ಪ ಚೀಲ ಹೊತ್ತರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮ್ಮ ಮಹೇಶ್ವರಿ. ಆಗ ಅದಿತಿ ವಿಶ್ವ ಕ್ರಮಾಂಕದಲ್ಲಿ 200ನೆಯವರು. ಕೆಲವೇ ವಾರಗಳ ಹಿಂದೆ ಕೋವಿಡ್ ಬಂದು ತೋಳಿನ ಕಸುವು ಇಳಿದಿತ್ತು. ದೂರ ಹೊಡೆಯುವ ಲೆಕ್ಕದಲ್ಲಿ ಕಣದ ಅರವತ್ತು ಮಂದಿಯಲ್ಲಿ ಕೊನೆಯ ಸಾಲು. ಕುಳಿಗೆ ಉರುಳಿಸುವುದರಲ್ಲಿ ಮೊದಲ ಸಾಲು. 67, 66, 68, 68: ನಾಲ್ಕು ದಿನಕ್ಕೆ 269. ಕೊನೆಯ ಕುಳಿಯಲ್ಲಿ ದೂರದಿಂದ ಉರುಳಿಸಿದ ಚೆಂಡು ಒಳಗೆ ಬೀಳಲಿಲ್ಲ. ಪದಕ ಒಂದೇ ಹೊಡೆತದಲ್ಲಿ ತಪ್ಪಿ, ನಾಲ್ಕನೇ ಸ್ಥಾನ.

ಅಂಗಡಿಗೆ ಹೋದ ಅಪ್ಪ ಮಾಡಬಹುದಾದ ಕೆಲಸ ಸುಲಭದ್ದು. ಮೊದಲ ವರ್ಷ ನೀರಿಗೂ ಪೊದೆಗೂ ಬಿದ್ದು ಕಳೆಯುವ ಚೆಂಡುಗಳೇ ಹೆಚ್ಚು. ಆದ್ದರಿಂದ ಎರಡು ತುಂಡಿನದೇ ಸಾಕು, ಒಮ್ಮೆ ಬಳಸಿದ್ದಾದರೂ ಅಡ್ಡಿಯಿಲ್ಲ. ಮಗು ಹತ್ತಿರದ ಹೊಡೆತಗಳನ್ನು ಬೇಕಾದಲ್ಲಿ ಬೀಳಿಸಲು ಕಲಿತ ಮೇಲೆ ಎರಡು ಬಗೆಯ ಮೂರು ಮೂರು ಚೆಂಡು ತಂದು, ಕುಳಿಯಿಂದ ಮೂವತ್ತು ಹೆಜ್ಜೆ ದೂರ ನಿಲ್ಲಿಸಿ ಹೊಡೆಸಿ ನೋಡಿ. ಯಾವುದು ಅಂದುಕೊಂಡಲ್ಲಿ ನಿಲ್ಲುತ್ತದೋ ಅದನ್ನೇ ಇಟ್ಟುಕೊಳ್ಳಲಿ, ಸಿಕ್ಕಿದ್ದನ್ನೆಲ್ಲ ಬೆರೆಸುವುದು ಬೇಡ. ದಿನಕ್ಕೊಂದು ಚೆಂಡಾದರೆ ಕೈಗೆ ಅಳತೆ ಕೂರುವುದಿಲ್ಲ.

ಕೊಂಡ ಚೆಂಡಿನ ಮೇಲೆ ಅಳಿಸದ ಪೆನ್ನಿನಿಂದ ಸ್ವಂತದ ಗುರುತೊಂದು ಇರಲಿ. ಎದುರಾಳಿಯ ಬಳಿಯೂ ಅದೇ ಕಂಪನಿಯ ಅದೇ ಅಂಕಿಯ ಚೆಂಡು ಇರಬಹುದು. ಹೊಡೆತಗಳ ಲೆಕ್ಕದ ಸ್ಪರ್ಧೆಯಲ್ಲಿ ಬೇರೆಯವರ ಚೆಂಡು ಹೊಡೆದರೆ ಎರಡು ಹೊಡೆತದ ದಂಡ.