ಬೆಂಕಿಯ ಮನೆ, ಹಿಮದ ಕಡಲು

"ಮಾವ, ಶನಿವಾರ ಸಂಜೆ ಸ್ನಾನಕ್ಕೆ ಹೋಗೋಣವೇ?" ಎಂದು ಅಳಿಯಂದಿರು ಕೇಳಿದಾಗ, ಮನೆಯ ನಲ್ಲಿಯಲ್ಲಿಯೇ ಬಿಸಿನೀರು ಬರುತ್ತಿರಲು ಬೇರೆಲ್ಲಿಗೋ ಏಕೆ ಹೋಗಬೇಕೆಂಬುದು ನನಗೆ ತಿಳಿಯಲಿಲ್ಲ. ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ ಅದು ಫೆಬ್ರವರಿ ತಿಂಗಳು. ಗುರುತುಪರಿಚಯವಿಲ್ಲದ ಜನರೊಡನೆ ಸುಡುವ ಕೋಣೆಯಲ್ಲಿ ಕುಳಿತು ಬೆವರಿ, ಅನಂತರ ಹೆಪ್ಪುಗಟ್ಟಿದ ಸಮುದ್ರದಲ್ಲಿ ಮುಳುಗುವುದೇ ಆ ಸ್ನಾನವೆಂದು ಮಗಳು ವಿವರಿಸಿದಳು. "ಇದೇನಮ್ಮ, ಪ್ರಾಯಶ್ಚಿತ್ತವೇ?" ಎಂದೆ.

ಆದರೆ ಕೇಳಿದವರು ಅಳಿಯಂದಿರು. ಮದುವೆಯಾಗಿ ಮೂರು ವರ್ಷಗಳು ಕಳೆದಿದ್ದರೂ ಊಟ, ಪ್ರಯಾಣಗಳ ವಿಚಾರಣೆಯನ್ನು ದಾಟಿ ನಾವಿಬ್ಬರೂ ಮಾತನಾಡಿದವರಲ್ಲ. ಒಬ್ಬಳೇ ಮಗಳನ್ನು ಇಷ್ಟು ದೂರಕ್ಕೆ ಕರೆದೊಯ್ದರೆಂಬ ಮುನಿಸು ನನ್ನಲ್ಲಿದ್ದಿತು; ಅದು ಅವರಿಗೆ ತಿಳಿದೂ ಇದ್ದಿತು. ಒಪ್ಪಿದೆ. ಮಗಳು ಮನೆಯಲ್ಲಿಯೇ ಉಳಿದಳು. ಎಲ್ಲರ ಮಾನಕ್ಕೂ ಅದೇ ಒಳ್ಳೆಯದಾಯಿತು!

ಕಲಸತಮ ಎಂಬ ಬಡಾವಣೆಯಿಂದ ಮುಸ್ತಿಕ್ಕಮಾ ದ್ವೀಪಕ್ಕೆ ಕಾಲ್ನಡಿಗೆಯವರೂ ಸೈಕಲ್ ಸವಾರರೂ ಬಳಸುವ ಸೇತುವೆಯೊಂದಿದೆ. 2016ರಲ್ಲಿ ತೆರೆದ ಈ ಸೇತುವೆಯ ಹೆಸರಿಗೆ 'ಅಜ್ಜನ ಸೇತುವೆ' ಎಂದು ಅರ್ಥವಂತೆ. ಇನ್ನೂ ಅಜ್ಜನಾಗದ ನಾನು ಜಾರುವ ಹಿಮದ ಮೇಲೆ ಅಳಿಯಂದಿರ ತೋಳು ಹಿಡಿದು ಅದನ್ನು ದಾಟಿದೆ.

ದಡದಲ್ಲಿ ಕಂಡದ್ದು ಹೊಗೆಯಾಡುವ ಸಣ್ಣ ಮರದ ಮನೆಗಳು. ಇದೇ ಸೋಂಪಸೌನಾ. ಇಲ್ಲಿ ಟಿಕೆಟ್ಟಿಲ್ಲ, ಕಾವಲುಗಾರನಿಲ್ಲ, ಬಾಗಿಲು ಮುಚ್ಚುವ ಹೊತ್ತೂ ಇಲ್ಲ. ಬಂದವರೇ ಸೌದೆ ಸೀಳಿ ಒಲೆ ಹೊತ್ತಿಸಬೇಕು. ಇದರ ಚರಿತ್ರೆಯೂ ಸ್ವಾರಸ್ಯವಾದದ್ದು. 2011ರಲ್ಲಿ ಕೆಲವು ಉತ್ಸಾಹಿಗಳು, ಆಗ ಪಾಳುಬಿದ್ದಿದ್ದ ಬಂದರಿನ ಅಂಚಿನಲ್ಲಿ, ಯಾರ ಅಪ್ಪಣೆಯನ್ನೂ ಕೇಳದೆ, ಬಿಸಾಡಿದ ಮರಮುಟ್ಟುಗಳಿಂದ ಒಂದು ಸೌನಾ ಕಟ್ಟಿಕೊಂಡರು. ನಗರಾಡಳಿತವು ಕೆಡವಿಸಿತು, ಅವರು ಮತ್ತೆ ಕಟ್ಟಿದರು. ಕಡೆಗೆ ಸಂಘವೊಂದು ಏರ್ಪಟ್ಟು ಅನುಮತಿಯೂ ದೊರೆಯಿತು. ಬಂದರಿನ ನೆಲದಲ್ಲಿ ಮಹಡಿಮನೆಗಳು ಏಳತೊಡಗಿದಂತೆ ಜಾಗ ಬದಲಿಸುತ್ತ ಈ ದ್ವೀಪಕ್ಕೆ ಬಂದು ನಿಂತಿತು. ಒಡೆಯನಿಲ್ಲದ ವಸ್ತು ನಮ್ಮಲ್ಲಿ ಎಷ್ಟು ದಿನ ಉಳಿದೀತೆಂದು ಯೋಚಿಸುತ್ತ ನಾನು ಕೋಟು ಕಳಚಿದೆ.

ಉಡುಪಿನ ವಿಷಯವನ್ನು ಹೇಳದೆ ವಿಧಿಯಿಲ್ಲ. ಗಂಡಸರು ಹೆಂಗಸರು ಜೊತೆಯಲ್ಲಿಯೇ ಕೂರುತ್ತಾರೆ. ಈಜುಡುಗೆ ತೊಡುವುದೂ ಬಿಡುವುದೂ ಅವರವರ ಇಚ್ಛೆ. ನಾನು ತೊಟ್ಟಿದ್ದೆನೆಂದು ವಾಚಕರಿಗೆ ಭರವಸೆ ಕೊಡುತ್ತೇನೆ. ಮೊದಲ ಐದು ನಿಮಿಷ ನೆಲವನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಆಮೇಲೆ ತಿಳಿಯಿತು, ಅಲ್ಲಿ ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಸೌನಾದಲ್ಲಿ ದೇವಮಂದಿರದಲ್ಲಿದ್ದಂತೆ ಇರಬೇಕೆಂಬುದು ಫಿನ್ನರು ಮಕ್ಕಳಿಗೆ ಕಲಿಸುವ ಮಾತು. ಹಿಂದೆ ಅಲ್ಲಿಯ ಹಳ್ಳಿಗಳಲ್ಲಿ ಬಾಣಂತನ ನಡೆಯುತ್ತಿದ್ದುದೂ, ಸತ್ತವರಿಗೆ ಕಡೆಯ ಸ್ನಾನ ಮಾಡಿಸುತ್ತಿದ್ದುದೂ ಸೌನಾದಲ್ಲಿಯೇ. ಸುಮಾರು 55 ಲಕ್ಷ ಜನರ ಆ ದೇಶದಲ್ಲಿ ಸೌನಾಗಳೇ 30 ಲಕ್ಷದಷ್ಟಿವೆ. 1960ರಲ್ಲಿ ಅಧ್ಯಕ್ಷ ಕೆಕ್ಕೊನೆನ್ ತಮ್ಮ ಅರವತ್ತನೆಯ ಹುಟ್ಟುಹಬ್ಬಕ್ಕೆ ಬಂದಿದ್ದ ಸೋವಿಯತ್ ನಾಯಕ ಕ್ರುಶ್ಚೇವರನ್ನೂ ರಾತ್ರಿ ಸೌನಾಕ್ಕೆ ಕರೆದೊಯ್ದಿದ್ದರು. ಕ್ರುಶ್ಚೇವರೇ ಕುಳಿತಿದ್ದ ಮೇಲೆ ನನ್ನದೇನು!

ಒಳಗಿನ ಶಾಖ 80 ಡಿಗ್ರಿ ಸೆಂಟಿಗ್ರೇಡಿಗೆ ಕಡಿಮೆಯಿರಲಾರದು. ಅಷ್ಟು ಬಿಸಿಯ ನೀರು ಮೈಮೇಲೆ ಬಿದ್ದರೆ ಬೊಬ್ಬೆ ಏಳುತ್ತದೆ. ಒಣಗಾಳಿಯಾದುದರಿಂದ ಬೆವರು ಆರುತ್ತ ಮೈಯನ್ನು ಕಾಯುತ್ತದೆ. ಆದರೆ ಒಬ್ಬಾಕೆ ಒಲೆಯ ಮೇಲಿನ ಕಲ್ಲುಗಳಿಗೆ ಒಂದು ಸೌಟು ನೀರೆರಚಿದಳು. ಚುಯ್ ಎಂದು ಎದ್ದ ಆ ಹಬೆಗೆ 'ಲೊಯ್ಲು' ಎಂದು ಹೆಸರು. ಹಬೆ ಚರ್ಮದ ಮೇಲೆ ನೀರಾಗುವಾಗ ತನ್ನ ಶಾಖವನ್ನೆಲ್ಲ ಅಲ್ಲಿಯೇ ಬಿಡುವುದರಿಂದ, ಕಿವಿಯ ತುದಿಗೆ ಕೆಂಡ ಮುಟ್ಟಿಸಿದಂತಾಗುತ್ತದೆ. ಸೌದೆಯ ಹೊಗೆಯ ವಾಸನೆಗೆ ನಮ್ಮ ಅಜ್ಜಿಯ ಬಚ್ಚಲುಮನೆ, ಹಂಡೆಯ ಒಲೆ, ದೀಪಾವಳಿಯ ಎಣ್ಣೆನೀರು ನೆನಪಾದುವು.

ಹತ್ತು ನಿಮಿಷದ ಬಳಿಕ ಅಳಿಯಂದಿರು ಎದ್ದರು. ಕಡಲಿಗೆ ಇಳಿಯಲು ಏಣಿ. ಅದರ ಬುಡದಲ್ಲಿ ಮಂಜುಗಡ್ಡೆ ಒಡೆದು ಮಾಡಿದ ಕಪ್ಪು ಮಡು. "ಧುಮುಕಬಾರದು, ಮಾವ. ಮೆಲ್ಲಗೆ ಇಳಿಯಿರಿ, ಉಸಿರನ್ನು ನೀಳವಾಗಿ ಬಿಡಿ" ಎಂದರು. ಹೃದಯದ ಬೇನೆಯುಳ್ಳವರೂ ಮದ್ಯ ಕುಡಿದವರೂ ಇಳಿಯಲೇಬಾರದಂತೆ. ತಣ್ಣೀರು ತಾಗಿದ ಮೊದಲ ನಿಮಿಷದಲ್ಲಿ ಉಸಿರು ತಾನಾಗಿ ಏದುವುದೇ ದೊಡ್ಡ ಅಪಾಯ. ಹೊರಡುವ ಮುನ್ನ ನನ್ನ ರಕ್ತದೊತ್ತಡವನ್ನು ಅವರು ಎರಡು ಸಲ ನೋಡಿದ್ದು ಏಕೆಂಬುದು ಈಗ ಅರ್ಥವಾಯಿತು.

ಇಳಿದೆ. ಸೊಂಟದವರೆಗೆ ನೋವು, ಎದೆಯವರೆಗೆ ದಿಗಿಲು. ಬಾಯಿಂದ ಹೊರಟದ್ದು ರಾಮನಾಮವೋ ಬರಿಯ ಕೂಗೋ ಹೇಳಲಾರೆ. ಎಣಿಸಿ ಹತ್ತು ಕ್ಷಣ. ಏಣಿಯ ಮೇಲಿಂದ ಅಳಿಯಂದಿರು ನನ್ನ ಮಣಿಕಟ್ಟನ್ನು ಬಿಟ್ಟಿರಲಿಲ್ಲ.

ಮೇಲೆ ಬಂದು ಹಿಮದ ನಡುವೆ ಬೆಂಚಿನ ಮೇಲೆ ಕುಳಿತೆವು. ಆಶ್ಚರ್ಯವೆಂದರೆ ಚಳಿಯೇ ಇಲ್ಲ! ಇಬ್ಬರ ಭುಜಗಳಿಂದಲೂ ಹಬೆ ಏಳುತ್ತಿದ್ದಿತು. ಬಹಳ ಹೊತ್ತಿನ ಮೇಲೆ ಅವರೆಂದರು: "ಮೊದಲನೆಯ ಚಳಿಗಾಲ ಅವಳು ದಿನವೂ ಅಳುತ್ತಿದ್ದಳು, ಮಾವ. ನಿಮಗೆ ತಿಳಿಸಕೂಡದೆಂದು ಆಣೆ ಹಾಕಿಸಿದ್ದಳು. ಹಿಂದಿರುಗಿಬಿಡೋಣವೆಂದು ನಾನೇ ಹೇಳಿದ್ದೆ. ಒಲ್ಲೆನೆಂದವಳು ಅವಳು."

ನಾನು ಒಡನೆಯೇ ಉತ್ತರ ಕೊಡಲಿಲ್ಲ. ಒಳಗೆ ಬೆಂಕಿ ತಗ್ಗುತ್ತಿದೆಯೆಂದು ಯಾರೋ ಕೈಸನ್ನೆ ಮಾಡಿದರು. "ಬನ್ನಿ, ಇನ್ನೊಮ್ಮೆ ಕೂತು ಬರೋಣ. ಅವಳ ವಿಷಯ ಪೂರ್ತಿ ಹೇಳಿ" ಎಂದು, ರಾಶಿಯಿಂದ ಎರಡು ಕೊರಡು ಸೌದೆ ಎತ್ತಿಕೊಂಡು ಬಾಗಿಲ ಕಡೆಗೆ ನಡೆದೆ.