ಹೆದ್ದಾರಿ ದಾಟುವ ಆ ಹನ್ನೆರಡು ಸೆಕೆಂಡು

ನಸುಕಿನಲ್ಲಿ ಫಜ್ರ್ ನಮಾಝಿಗೆ ಹೊರಡುವ ಅಜ್ಜ. ಬುತ್ತಿ ಕಟ್ಟಿಕೊಂಡು ದ್ರಾಕ್ಷಿ ತೋಟದ ಕೆಲಸಕ್ಕೆ ಹೊರಡುವ ತಾಯಿ. ಬೆನ್ನಿಗೆ ಚೀಲ ಹಾಕಿಕೊಂಡು ಸೈಕಲ್ ಏರುವ ಮಗ. ತಿಕೋಟಾ ಅಥವಾ ಬಬಲೇಶ್ವರದಲ್ಲಿ ರಸ್ತೆಯ ಪಕ್ಕದಲ್ಲೇ ನಿಮ್ಮ ಮನೆಯಿದ್ದರೆ, ಅಥವಾ ವಿಜಯಪುರ ನಗರದ ಅಂಚಿನ ಹೊಸ ಬಡಾವಣೆಯಲ್ಲಿದ್ದರೆ, ಈ ಮೂವರೂ ದಿನಕ್ಕೆ ಎರಡು ಸಲವಾದರೂ ದೊಡ್ಡ ರಸ್ತೆ ದಾಟುತ್ತಾರೆ. ನೀರು ಕುದಿಸಿ ಕುಡಿಯುತ್ತೇವೆ, ಮಕ್ಕಳಿಗೆ ಲಸಿಕೆ ಹಾಕಿಸುತ್ತೇವೆ, ಅಜ್ಜನ ಸಕ್ಕರೆ ಕಾಯಿಲೆಯ ಮಾತ್ರೆ ಮರೆಯುವುದಿಲ್ಲ. ರಸ್ತೆ ದಾಟುವ ವಿಷಯ ಬಂದಾಗ ಮಾತ್ರ "ಹುಷಾರಾಗಿ ಹೋಗು" ಎಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತೇವೆ.

ಆ ಒಂದು ಮಾತು ಸಾಲದು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ದೇಶದ ಒಟ್ಟು ರಸ್ತೆಯ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ಸುಮಾರು ಶೇ. 2 ಮಾತ್ರ, ಆದರೆ ಸಾವುಗಳಲ್ಲಿ ಅವುಗಳ ಪಾಲು ಶೇ. 36. ಐದರಿಂದ ಇಪ್ಪತ್ತೊಂಬತ್ತು ವರ್ಷದವರ ಸಾವಿಗೆ ಜಗತ್ತಿನಲ್ಲಿ ಮೊದಲ ಕಾರಣ ರಸ್ತೆ ಅಪಘಾತವೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಆರೋಗ್ಯದ ಪುಟದಲ್ಲಿ ಈ ವಿಷಯಕ್ಕೂ ಜಾಗ ಬೇಕು.

ನಮ್ಮ ರಸ್ತೆಗಳು ಬದಲಾಗಿವೆ, ನಾವು ಬದಲಾಗಿಲ್ಲ

ವಿಜಯಪುರದ ಸುತ್ತ ದೊಡ್ಡ ರಸ್ತೆಗಳು ಕೂಡುತ್ತವೆ. ಸೊಲ್ಲಾಪುರದಿಂದ ಬಂದು ಕೊಲ್ಹಾರದ ಕಡೆಯಿಂದ ಹುಬ್ಬಳ್ಳಿಗೆ ಹೋಗುವ 52ನೇ ಹೆದ್ದಾರಿ, ಕಲಬುರಗಿ-ಸಿಂದಗಿ ಕಡೆಯಿಂದ ಬರುವ 50ನೇ ಹೆದ್ದಾರಿ, ತಿಕೋಟಾದ ಮೂಲಕ ಅಥಣಿಗೆ ಹೋಗುವ ರಸ್ತೆ, ಬಬಲೇಶ್ವರದ ಮೂಲಕ ಜಮಖಂಡಿಗೆ ಹೋಗುವ ರಸ್ತೆ. ತಿಕೋಟಾ ಮತ್ತು ಬಬಲೇಶ್ವರ ಈಗ ತಾಲ್ಲೂಕು ಕೇಂದ್ರಗಳು. ಕಚೇರಿ, ಕಾಲೇಜು, ಬ್ಯಾಂಕು, ಆಸ್ಪತ್ರೆಗೆಂದು ಸುತ್ತಲ ಹಳ್ಳಿಗಳ ಜನ ಅಲ್ಲಿಗೆ ಬರುತ್ತಾರೆ. ಅಥಣಿ ರಸ್ತೆಯ ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಸೈಕಲ್ ಸ್ಪರ್ಧೆಗೆ ಹೆಸರಾದ ಜಿಲ್ಲೆ ನಮ್ಮದು. ಅಭ್ಯಾಸ ಮಾಡುವ ಹುಡುಗ ಹುಡುಗಿಯರಿಗೂ ಇದೇ ಡಾಂಬರು ರಸ್ತೆಗಳೇ ಗತಿ.

ಮೊದಲು ಇದೇ ರಸ್ತೆಯಲ್ಲಿ ತಗ್ಗು ದಿನ್ನೆಗಳಿದ್ದವು. ಲಾರಿ ತಾನಾಗಿಯೇ ನಿಧಾನವಾಗುತ್ತಿತ್ತು. ಈಗ ರಸ್ತೆ ನುಣುಪಾಗಿದೆ, ಅಗಲವಾಗಿದೆ, ವೇಗ ಹೆಚ್ಚಿದೆ. ಆದರೆ ಊರು ಮಾತ್ರ ಮೊದಲಿನ ಹಾಗೆಯೇ ರಸ್ತೆಯ ಎರಡೂ ಕಡೆ ಇದೆ. ಮನೆ ಆಚೆ, ಮಸೀದಿ ಈಚೆ. ಬಸ್ ನಿಲ್ದಾಣ ಆಚೆ, ಕಿರಾಣಿ ಅಂಗಡಿ ಈಚೆ. "ಇಷ್ಟು ವರ್ಷ ದಾಟೇನಿ, ಈಗೇನಾಗ್ತದ ಬಿಡು" ಎಂದು ಹಿರಿಯರು ಹೇಳುವುದು ಹಳೆಯ ರಸ್ತೆಯ ಲೆಕ್ಕ. ಹೊಸ ರಸ್ತೆಗೆ ಹೊಸ ಲೆಕ್ಕ ಬೇಕು.

ಆರು ಗೋಳಗುಮ್ಮಟದ ದೂರ

ಲೆಕ್ಕ ಸುಲಭವಾಗಿದೆ. ಡಾಂಬರಿನ ಅಂಚೂ ಸೇರಿ ಎರಡು ಪಥದ ಹೆದ್ದಾರಿ ಸುಮಾರು 10 ಮೀಟರ್ ಅಗಲ. ಆರೋಗ್ಯವಂತ ವಯಸ್ಕರು ಸೆಕೆಂಡಿಗೆ ಸುಮಾರು 1.2 ಮೀಟರ್ ನಡೆಯುತ್ತಾರೆ. ಅವರಿಗೆ ದಾಟಲು ಎಂಟಕ್ಕಿಂತ ತುಸು ಹೆಚ್ಚು ಸೆಕೆಂಡು ಬೇಕು. ಮೊಣಕಾಲು ನೋವಿನ ಅಜ್ಜಿ, ಗರ್ಭಿಣಿ, ಕಂಕುಳಲ್ಲಿ ಮಗು ಇರುವ ತಾಯಿಗೆ ಹನ್ನೆರಡು ಸೆಕೆಂಡು ದಾಟುತ್ತದೆ.

ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ನೀವು ದಾಟುವ ಎಂಟು ಸೆಕೆಂಡಿನಲ್ಲಿ ಅದು ಸುಮಾರು 185 ಮೀಟರ್ ಬಂದಿರುತ್ತದೆ. ಅಜ್ಜಿಯ ಹನ್ನೆರಡೂವರೆ ಸೆಕೆಂಡಿನಲ್ಲಿ ಸುಮಾರು 280 ಮೀಟರ್. ಗೋಳಗುಮ್ಮಟದ ಒಂದು ಮಗ್ಗುಲು ಹೊರಗಿನಿಂದ ಸುಮಾರು 47 ಮೀಟರ್. ಅಂಥ ಆರು ಗುಮ್ಮಟಗಳನ್ನು ಸಾಲಾಗಿ ನಿಲ್ಲಿಸಿದಷ್ಟು ದೂರದವರೆಗೆ ರಸ್ತೆ ಖಾಲಿ ಇದ್ದರೆ ಮಾತ್ರ ಅಜ್ಜಿ ಕಾಲಿಡಬಹುದು, ಅದೂ ಎರಡೂ ದಿಕ್ಕಿನಲ್ಲಿ.

"ನಮ್ಮನ್ನು ನೋಡಿ ಡ್ರೈವರ್ ಬ್ರೇಕ್ ಹಾಕುತ್ತಾನಲ್ಲ" ಎನ್ನಬಹುದು. ನೋಡಿ, ಯೋಚಿಸಿ, ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡು ಹಿಡಿಯುತ್ತದೆ. 80ರ ವೇಗದಲ್ಲಿ ಅಷ್ಟರಲ್ಲೇ ಕಾರು 33 ಮೀಟರ್ ಬಂದಿರುತ್ತದೆ. ಬ್ರೇಕ್ ಹಿಡಿದ ಮೇಲೂ ಒಣ ರಸ್ತೆಯಲ್ಲಿ ಇನ್ನೂ ಸುಮಾರು 35 ಮೀಟರ್ ಹೋಗುತ್ತದೆ. ಒಟ್ಟು 68 ಮೀಟರ್. ಅದೇ ಕಾರು 50ರ ವೇಗದಲ್ಲಿದ್ದರೆ ಸುಮಾರು 35 ಮೀಟರಿನಲ್ಲಿ ನಿಲ್ಲುತ್ತದೆ. ಮಳೆಯಲ್ಲಿ, ಅಥವಾ ಲಾರಿಯ ಮೇಲೆ ಭಾರವಿದ್ದರೆ ಈ ದೂರ ಇನ್ನೂ ಹೆಚ್ಚು. ಕಾರಿನ ವೇಗ 50ರಿಂದ 65ಕ್ಕೆ ಏರಿದರೆ, ಅದು ಗುದ್ದಿದ ಪಾದಚಾರಿ ಸಾಯುವ ಸಂಭವ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಈ ವಾರವೇ ಒಂದು ಕೆಲಸ ಮಾಡಿ. ನಿಮ್ಮ ಮನೆಯವರು ದಿನವೂ ದಾಟುವ ಜಾಗದಿಂದ ರಸ್ತೆಯ ಅಂಚಿನ ಮಣ್ಣಿನ ಮೇಲೆ ಎರಡೂ ದಿಕ್ಕಿಗೆ ನಾಲ್ಕುನೂರು ಹೆಜ್ಜೆ ಎಣಿಸಿ. ಅದು ಸುಮಾರು 300 ಮೀಟರ್. ಅಲ್ಲಿ ಏನಿದೆ ಎಂದು ಗುರುತು ಮಾಡಿಕೊಳ್ಳಿ: ಬೇವಿನ ಮರ, ಪೆಟ್ರೋಲ್ ಬಂಕ್, ಅಂಗಡಿಯ ಫಲಕ. ಮನೆಗೆ ಬಂದು ಎಲ್ಲರಿಗೂ ಹೇಳಿ: "ಆ ಮರಕ್ಕಿಂತ ಈಚೆ ಗಾಡಿ ಕಂಡರೆ ಕಾಲಿಡಬೇಡಿ." ತಿರುವಿನಿಂದಲೋ ದಿಬ್ಬದಿಂದಲೋ ಅಷ್ಟು ದೂರ ಕಾಣುವುದೇ ಇಲ್ಲವಾದರೆ ಅದು ದಾಟುವ ಜಾಗವಲ್ಲ. ನಾಲ್ಕು ಹೆಜ್ಜೆ ಹೆಚ್ಚು ನಡೆದರೂ ಸರಿ, ಬೇರೆ ಜಾಗ ಹುಡುಕಿ.

ಯಾರಿಗೆ ಅಪಾಯ ಹೆಚ್ಚು?

ಮಕ್ಕಳು: ಹತ್ತು ವರ್ಷದೊಳಗಿನ ಮಕ್ಕಳಿಗೆ ವಾಹನ ಕಾಣುತ್ತದೆ, ಅದರ ವೇಗ ಅಂದಾಜಾಗುವುದಿಲ್ಲ. ಅದು ತುಂಟತನವಲ್ಲ, ಮಿದುಳಿನ ಬೆಳವಣಿಗೆ ಇನ್ನೂ ಅಲ್ಲಿಗೆ ಬಂದಿರುವುದಿಲ್ಲ. ಶಾಲೆಗೋ ಮದ್ರಸಾಕ್ಕೋ ಹೋಗುವ ಚಿಕ್ಕ ಮಕ್ಕಳ ಮಣಿಕಟ್ಟು ಹಿಡಿದು ದೊಡ್ಡವರೇ ದಾಟಿಸಬೇಕು. ಎಂಟು ವರ್ಷದ ಅಕ್ಕ ಐದು ವರ್ಷದ ತಮ್ಮನನ್ನು ದಾಟಿಸುವುದು ಜವಾಬ್ದಾರಿ ಕಲಿಸುವ ದಾರಿಯಲ್ಲ.

ಹಿರಿಯರು: ಕಣ್ಣಿನ ಪೊರೆ, ಕಿವಿ ಮಂದ, ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಪಾದ. ಪೊರೆಯ ಶಸ್ತ್ರಚಿಕಿತ್ಸೆಯನ್ನು "ಮುಂದಿನ ವರ್ಷ ನೋಡೋಣ" ಎಂದು ಮುಂದೂಡಬೇಡಿ.

ಕತ್ತಲೆಯಲ್ಲಿ ನಡೆಯುವವರು: ಕಪ್ಪು ಬುರ್ಖಾ, ಕಪ್ಪು ಶೇರ್ವಾನಿ ತೊಟ್ಟವರು ಡಿಪ್ ಬೆಳಕಿನಲ್ಲಿ ಚಾಲಕನಿಗೆ ಬಹಳ ಸಮೀಪ ಬಂದ ಮೇಲಷ್ಟೇ ಕಾಣುತ್ತಾರೆ. ವಾಹನ ನಿಲ್ಲಿಸಲು 68 ಮೀಟರ್ ಬೇಕೆಂದು ಮೇಲೆ ನೋಡಿದಿರಿ. ಹೊಳೆಯುವ ಪಟ್ಟಿ ನೂರು ಮೀಟರಿಗೂ ಹೆಚ್ಚು ದೂರದಿಂದ ಕಾಣುತ್ತದೆ. ಉಡುಪು ಬದಲಿಸಬೇಕಿಲ್ಲ. ಬುರ್ಖಾದ ಅಂಚಿಗೆ, ಕೈಚೀಲಕ್ಕೆ, ಊರುಗೋಲಿಗೆ, ಮಕ್ಕಳ ಶಾಲಾ ಚೀಲಕ್ಕೆ ಎರಡು ಬೆರಳು ಅಗಲದ ಹೊಳೆಯುವ ಪಟ್ಟಿ ಹೊಲಿಯಿರಿ. ಕೈಯಲ್ಲಿ ಸಣ್ಣ ಟಾರ್ಚ್ ಇರಲಿ. ತರಾವೀಹ್ ಮುಗಿಸಿ ಗುಂಪಾಗಿ ಬರುವಾಗ ಮೊದಲ ಮತ್ತು ಕೊನೆಯವರ ಕೈಯಲ್ಲಿ ಬೆಳಕಿರಲಿ. ಇಫ್ತಾರಿನ ಹೊತ್ತು ಸಮೀಪಿಸಿದಾಗ ನಡೆಯುವವರಿಗೂ ಗಾಡಿ ಓಡಿಸುವವರಿಗೂ ಅವಸರ, ಇಬ್ಬರ ಹೊಟ್ಟೆಯೂ ಖಾಲಿ. ಒಂದು ಖರ್ಜೂರ ಜೇಬಿನಲ್ಲಿಟ್ಟುಕೊಂಡರೆ ದಾರಿಯಲ್ಲೇ ಇಫ್ತಾರ್ ಮಾಡಬಹುದು, ಓಡಬೇಕಿಲ್ಲ.

ಸೈಕಲ್ ಸವಾರರು: ಹೆದ್ದಾರಿ ದಾಟುವಾಗ ಇಳಿದು, ಸೈಕಲ್ ತಳ್ಳಿಕೊಂಡು ದಾಟಿ. ರಸ್ತೆಯುದ್ದಕ್ಕೂ ಹೋಗುವಾಗ ಎಡಬದಿಯಲ್ಲೇ ಹೋಗಿ. ನಡೆಯುವವರು ಮಾತ್ರ ಪಾದಚಾರಿ ಮಾರ್ಗ ಇಲ್ಲದ ಕಡೆ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ ನಡೆಯಬೇಕು. ಸೈಕಲ್‌ಗೆ ಹಿಂದೆ ಕೆಂಪು, ಮುಂದೆ ಬಿಳಿ ಪ್ರತಿಫಲಕ ಬೇಕೇ ಬೇಕು. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಬಂದರೆ ಅದರ ಇಂಜಿನ್ ದಾಟಿತೆಂದು ಕಾಲಿಡಬೇಡಿ. ಕೊನೆಯ ಟ್ರೇಲರ್ ದಾಟಲಿ, ಅದರ ಹಿಂದೆ ಅಡಗಿದ ಬೈಕೂ ದಾಟಲಿ.

ಬಸ್ಸಿನಿಂದ ಇಳಿದ ಕೂಡಲೇ ಅದರ ಮುಂದಿನಿಂದ ಓಡುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಬಸ್ಸು ನಿಮ್ಮನ್ನು ಮರೆಮಾಡುತ್ತದೆ. ಅದು ಹೋಗಲಿ, ಆಮೇಲೆ ದಾಟಿ.

ತಪ್ಪು ನಡೆಯುವವರದು ಮಾತ್ರವೇ?

ಅಲ್ಲ. ಜನ ಎಲ್ಲಿ ದಾಟುತ್ತಾರೋ ಅಲ್ಲಿ ರಸ್ತೆ ಅದಕ್ಕೆ ತಕ್ಕಂತಿರಬೇಕು. ನಿಜವಾಗಿ ಜೀವ ಉಳಿಸುವ ಏರ್ಪಾಡುಗಳು ದುಬಾರಿಯಲ್ಲ.

ಮೊದಲನೆಯದು, ನಡುವೆ ನಿಲ್ಲಲು ಎತ್ತರಿಸಿದ ಜಾಗ. ಅದಿದ್ದರೆ 10 ಮೀಟರನ್ನು ಒಂದೇ ಸಲ ದಾಟಬೇಕಿಲ್ಲ. ಐದು ಮೀಟರ್ ದಾಟಿ, ನಿಂತು, ಇನ್ನೊಂದು ಕಡೆ ನೋಡಿ, ಮತ್ತೈದು ಮೀಟರ್. ಹನ್ನೆರಡೂವರೆ ಸೆಕೆಂಡು ಆರು ಸೆಕೆಂಡಿನ ಎರಡು ತುಂಡಾಗುತ್ತದೆ, ಒಂದು ಸಲಕ್ಕೆ ಒಂದೇ ದಿಕ್ಕು ನೋಡಿದರೆ ಸಾಕು. ಸೈಕಲ್‌ನ ಉದ್ದ ಎರಡು ಮೀಟರಿಗೆ ಸಮೀಪ. ಆದ್ದರಿಂದ ಆ ಜಾಗ ಕನಿಷ್ಠ ಎರಡು ಮೀಟರ್ ಅಗಲವಿರಬೇಕು, ಇಲ್ಲವಾದರೆ ಸೈಕಲ್‌ನ ಚಕ್ರ ರಸ್ತೆಗೆ ಚಾಚಿಕೊಳ್ಳುತ್ತದೆ.

ಎರಡನೆಯದು, ವೇಗ ಇಳಿಸುವುದು. ಊರು ಆರಂಭವಾಗುವ ಮೊದಲೇ ಫಲಕ, ಗಡಗಡ ಎನ್ನುವ ಪಟ್ಟಿಗಳು, ದಾಟುವ ಜಾಗದಲ್ಲಿ ರಸ್ತೆಯನ್ನೇ ತುಸು ಎತ್ತರಿಸಿ ಅದರ ಮೇಲೆ ಬಿಳಿ ಪಟ್ಟೆ. ಬರೀ ಬಣ್ಣದ ಪಟ್ಟೆ ವೇಗ ಇಳಿಸುವುದಿಲ್ಲ. ಬಣ್ಣವಿಲ್ಲದ, ಬೆಳಕಿಲ್ಲದ ಉಬ್ಬು ಬೈಕ್ ಸವಾರರನ್ನು ಬೀಳಿಸುತ್ತದೆ. ಆದ್ದರಿಂದ ಊರವರೇ ಮಣ್ಣು ಜಲ್ಲಿ ಹಾಕಿ ಉಬ್ಬು ಮಾಡಬಾರದು.

ಮೂರನೆಯದು ಬೆಳಕು. ನಾಲ್ಕನೆಯದು, ಅಂಗಡಿ, ತಳ್ಳುಗಾಡಿ, ನಿಂತ ಲಾರಿ ಮತ್ತು ಟಂಟಂ ದಾಟುವ ಜಾಗವನ್ನು ಮರೆಮಾಡದಿರುವುದು. ದಾರಿಯಿಂದ ತೊಂದರೆ ಕೊಡುವ ವಸ್ತುವನ್ನು ತೆಗೆಯುವುದೂ ಸದಕಾ ಎಂಬುದು ನಮ್ಮ ಮನೆಯ ಮಕ್ಕಳಿಗೂ ಗೊತ್ತಿರುವ ಪ್ರವಾದಿ ವಚನದ ಸಾರ. ಮುಳ್ಳು ಕಲ್ಲಿಗೆ ಅನ್ವಯಿಸುವ ಮಾತು ಜುಮಾ ದಿನ ಮಸೀದಿಯೆದುರು ಅಡ್ಡಾದಿಡ್ಡಿ ನಿಲ್ಲಿಸಿದ ಬೈಕಿಗೂ ಅನ್ವಯಿಸುತ್ತದೆ.

ನಾಲ್ಕು ಪಥದ ರಸ್ತೆಗೆ ಮೇಲ್ಸೇತುವೆಯೋ ಕೆಳದಾರಿಯೋ ಬೇಕಾಗಬಹುದು. ಆದರೆ ನಲವತ್ತು ಮೆಟ್ಟಿಲಿನ ಸೇತುವೆಯನ್ನು ಅಜ್ಜಿ ಹತ್ತುವುದಿಲ್ಲ, ನೀರು ನಿಂತ ಕತ್ತಲ ಕೆಳದಾರಿಗೆ ಹೆಣ್ಣುಮಕ್ಕಳು ಇಳಿಯುವುದಿಲ್ಲ. ಇಳಿಜಾರು, ಬೆಳಕು, ನೀರು ಹರಿಯುವ ಕಾಲುವೆ ಇವೆಯೇ ಎಂದು ಕಟ್ಟುವ ಮೊದಲೇ ಕೇಳಬೇಕು.

ಇದು ಆಗದ ಮಾತಲ್ಲ. 1971ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಸುಮಾರು 3,300 ಜನ ರಸ್ತೆಯಲ್ಲಿ ಸತ್ತರು, ಅವರಲ್ಲಿ ನಾಲ್ಕುನೂರಕ್ಕೂ ಹೆಚ್ಚು ಮಕ್ಕಳು. ತಂದೆತಾಯಿಯರು ಬೀದಿಗಿಳಿದು ಕೇಳಿದರು. ಸರಕಾರ ರಸ್ತೆಗಳ ರೂಪ ಬದಲಿಸಿತು. ಇಂದು ಅಲ್ಲಿ ವರ್ಷದ ಸಾವು ಏಳುನೂರರ ಆಸುಪಾಸು.

ಕೇಳುವುದು ಹೇಗೆ?

ನಿಮ್ಮ ಓಣಿಯ ನಾಲ್ಕು ಮನೆಯವರು ಸೇರಿ ಒಂದು ಅರ್ಜಿ ಬರೆಯಿರಿ. "ರಸ್ತೆ ಸರಿಯಿಲ್ಲ" ಎಂದಷ್ಟೇ ಬರೆದರೆ ಅದು ಕಡತದಲ್ಲೇ ಉಳಿಯುತ್ತದೆ. ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಬರೆಯಿರಿ. ಬೆಳಗ್ಗೆ ಎಂಟರಿಂದ ಹತ್ತರವರೆಗೆ ಎಷ್ಟು ಜನ ದಾಟಿದರು, ಅವರಲ್ಲಿ ಮಕ್ಕಳೆಷ್ಟು, ಸೈಕಲ್ ಎಷ್ಟು ಎಂದು ಎಣಿಸಿ ಬರೆಯಿರಿ. ಹಿಂದೆ ಆದ ಅಪಘಾತಗಳ ದಿನಾಂಕ, ಹಗಲಿನ ಮತ್ತು ರಾತ್ರಿಯ ಫೋಟೋ ಸೇರಿಸಿ. ಏನು ಬೇಕೆಂದು ಸ್ಪಷ್ಟವಾಗಿ ಕೇಳಿ. ನಗರದೊಳಗಿನ ರಸ್ತೆಯಾದರೆ ಮಹಾನಗರ ಪಾಲಿಕೆಗೆ, ರಾಜ್ಯ ಹೆದ್ದಾರಿಯಾದರೆ ಲೋಕೋಪಯೋಗಿ ಇಲಾಖೆಗೆ, ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಪ್ರಾಧಿಕಾರಕ್ಕೆ ಅಥವಾ ಲೋಕೋಪಯೋಗಿ ಇಲಾಖೆಯ ಹೆದ್ದಾರಿ ವಿಭಾಗಕ್ಕೆ ಕೊಡಿ. ಯಾರದೆಂದು ತಿಳಿಯದಿದ್ದರೆ ಜಿಲ್ಲಾಧಿಕಾರಿಗಳ ಮೂಲಕ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ರಸ್ತೆ ಮಾನದಂಡದಂತೆ ಇಲ್ಲದೆ ಸಾವು ನೋವಾದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಮೋಟಾರು ವಾಹನ ಕಾಯ್ದೆಯ 198ಎ ಕಲಂ ಅವಕಾಶ ಕೊಡುತ್ತದೆ. ಇದನ್ನೂ ಅರ್ಜಿಯಲ್ಲಿ ನೆನಪಿಸಿ.

ಅಪಘಾತವಾಗಿಬಿಟ್ಟರೆ

108ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಕೂಡ ಇದೆ. ಹಿಂದಿನ ವಾಹನಗಳು ಇನ್ನೊಮ್ಮೆ ಗುದ್ದದಂತೆ ಇಬ್ಬರು ದೂರ ನಿಂತು ಕೈ ಬೀಸಲಿ. ರಕ್ತ ಸುರಿಯುತ್ತಿದ್ದರೆ ಸ್ವಚ್ಛ ಬಟ್ಟೆಯನ್ನೋ ದುಪಟ್ಟಾವನ್ನೋ ಮಡಿಸಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಮತ್ತೆ ಮತ್ತೆ ತೆಗೆದು ನೋಡಬೇಡಿ. ನೀರು, ಚಹಾ ಕುಡಿಸಬೇಡಿ. ಕೈಕಾಲು ಹಿಡಿದೆತ್ತಿ ಟಂಟಂಗೆ ಹಾಕಬೇಡಿ. ಕುತ್ತಿಗೆ, ಬೆನ್ನುಹುರಿಗೆ ಪೆಟ್ಟಾಗಿದ್ದರೆ ಆ ಎಳೆದಾಟದಲ್ಲೇ ಜೀವನಪೂರ್ತಿ ಕಾಲು ಹೋಗಬಹುದು.

ಪೊಲೀಸರಿಗೆ ಹೆದರಿ ಹಿಂದೆ ಸರಿಯಬೇಡಿ. ಸಹಾಯ ಮಾಡಿದವರು ಹೆಸರು ಹೇಳಲೇಬೇಕೆಂದಿಲ್ಲ, ಆಸ್ಪತ್ರೆಯ ಹಣ ಕಟ್ಟಬೇಕಿಲ್ಲ. ಕಾಯ್ದೆಯ 134ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ. 2025ರ ಮೇ ತಿಂಗಳಿನಿಂದ ಜಾರಿಯಾದ ಕೇಂದ್ರದ ಯೋಜನೆಯಂತೆ ಮೋಟಾರು ವಾಹನದಿಂದಾದ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಗದುರಹಿತವಾಗಿ ಸಿಗುತ್ತದೆ. ಗುದ್ದಿದ ವಾಹನ ಓಡಿಹೋಗಿ ಪತ್ತೆಯಾಗದಿದ್ದರೂ ಪರಿಹಾರವಿದೆ: ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿ. ಅದಕ್ಕೆ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ನಿಮ್ಮ ಮನೆಯಲ್ಲಿ ಬೈಕೋ ಕಾರೋ ಇದ್ದರೆ ಕೊನೆಯ ಮಾತು ನಿಮಗೆ. ಊರು ಬಂದಾಗ ವೇಗ 40ಕ್ಕೆ ಇಳಿಸಿ. ರಸ್ತೆಯ ಅಂಚಿನಲ್ಲಿ ಒಬ್ಬ ಅಜ್ಜಿ ನಿಂತಿದ್ದರೆ ಹಿಂದೆ ವಾಹನ ಒತ್ತಿಕೊಂಡು ಬರುತ್ತಿಲ್ಲವೆಂದು ನೋಡಿಕೊಂಡು ನಿಲ್ಲಿಸಿ, ದಾಟಲು ಬಿಡಿ. ನಿಮಗೆ ಹೋಗುವುದು ಹನ್ನೆರಡು ಸೆಕೆಂಡು. ಇನ್ನೊಂದು ಊರಿನಲ್ಲಿ, ಅದೇ ಹೊತ್ತಿಗೆ, ನಿಮ್ಮ ಅಜ್ಜಿಯೂ ರಸ್ತೆಯ ಅಂಚಿನಲ್ಲಿ ನಿಂತಿರಬಹುದು.